ಉತ್ಸವವೂ ಟಿಕೆಟ್ಟೂ

ಹೋದ ಭಾನುವಾರ ಬೆಳಿಗ್ಗೆ, ಕಾಫಿಯ ಲೋಟ ಇನ್ನೂ ಕೈಯಲ್ಲಿದ್ದ ಹಾಗೆಯೇ, ವಿಜಯನಗರದ ಕಡೆಯಿಂದ ಒಬ್ಬ ಹುಡುಗ ರಾಜಾಜಿನಗರದ ನಮ್ಮ ಮನೆಗೆ ಬಂದ. ಹುಡುಗನೆಂದರೆ ತೀರ ಹುಡುಗನಲ್ಲ. ಒಂದು ಕಾಲಕ್ಕೆ ನನ್ನ ಕೈಯಲ್ಲಿ ಲೆಕ್ಕ ಕಲಿತವನು. ಈಗ ಅವನ ಮಗಳೇ ಹೈಸ್ಕೂಲಿನಲ್ಲಿದ್ದಾಳೆ. ಅವರ ಬಡಾವಣೆಯಲ್ಲಿ ಕೆಲವು ವರ್ಷದಿಂದ ರಾಮನವಮಿಗೆ ಮೂರು ದಿನ ಸಂಗೀತ ಇಡಿಸುತ್ತಾರೆ. ಬಂದವನು ಕುಳಿತುಕೊಳ್ಳುವುದಕ್ಕೂ ಮುಂಚೆ ಹೇಳಿದ: "ಸಾರ್, ಟಿಕೆಟ್ಟು ಇಟ್ಟರೆ ಜನ ಬರೋದಿಲ್ಲ, ಇಡದಿದ್ದರೆ ದುಡ್ಡು ಬರೋದಿಲ್ಲ. ಏನು ಮಾಡೋಣ ಹೇಳಿ."

ಈ ಪ್ರಶ್ನೆಯನ್ನು ಅವನು ನನ್ನ ಹತ್ತಿರ ತಂದದ್ದಕ್ಕೆ ಕಾರಣವುಂಟು. ನಮ್ಮ ಬಡಾವಣೆಯ ಪುಟ್ಟ ಸಂಗೀತ ಸಭೆಗೆ ನಾನು ಬಹಳ ಕಾಲ ಖಜಾಂಚಿಯಾಗಿದ್ದವನು. ಸಂಗೀತ ಬಲ್ಲೆನೆಂದು ಯಾರೂ ನನ್ನನ್ನು ಆರಿಸಲಿಲ್ಲ. ಲೆಕ್ಕದ ಮೇಷ್ಟರು, ದುಡ್ಡಿನ ಪೆಟ್ಟಿಗೆ ಇವರ ಕೈಯಲ್ಲಿರಲಿ ಎಂದರು, ಅಷ್ಟೆ. ಆ ಪೆಟ್ಟಿಗೆ ಒಮ್ಮೆ ಖಾಲಿಯಾದ ಕಥೆಯನ್ನೂ ಹೇಳುತ್ತೇನೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯ ಕಥೆಯೇ. ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ನಿಮಗೆ ಉಪಯೋಗವಾಗಲಾರದು.

ಉತ್ಸವಕ್ಕೆ ಟಿಕೆಟ್ಟು ಎಂದ ಕೂಡಲೆ ನಮ್ಮವರ ಮುಖ ಸಣ್ಣದಾಗುತ್ತದೆ. ರಾಮನವಮಿಯ ಪಾನಕ ಕೋಸಂಬರಿಗೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ? ದೇವರ ಹೆಸರಿನಲ್ಲಿ ನಡೆಯುವ ಸಂಗೀತವೂ ಹಾಗೆಯೇ ಅಲ್ಲವೇ? ಈ ಮಾತಿನಲ್ಲಿ ನ್ಯಾಯವುಂಟು. ಆದರೆ ಪಾನಕ ಪುಕ್ಕಟೆ ಸಿಗುವುದು ಕುಡಿಯುವವನಿಗೆ. ಬೆಲ್ಲ, ನಿಂಬೆಹಣ್ಣು, ಏಲಕ್ಕಿ ತಂದವರು ಅಂಗಡಿಯಲ್ಲಿ ದುಡ್ಡು ಕೊಟ್ಟೇ ತಂದಿರುತ್ತಾರೆ. ಹಿಂದೆ ಅರಮನೆ ಕೊಡುತ್ತಿತ್ತು, ಮಠ ಕೊಡುತ್ತಿತ್ತು, ಊರಿನ ಪಟೇಲರೋ ಸಾಹುಕಾರರೋ ಕೊಡುತ್ತಿದ್ದರು. ಕರಾವಳಿಯ ಯಕ್ಷಗಾನವನ್ನು ನೋಡಿ. ಕಟೀಲಿನಂಥ ಕ್ಷೇತ್ರದ ಮೇಳಗಳ ಆಟವನ್ನು ಜನ ಬಯಲಿನಲ್ಲಿ ಕುಳಿತು ಬಿಟ್ಟಿಯಾಗಿ ನೋಡುತ್ತಾರೆ. ಆದರೆ ಆ ಆಟವನ್ನು ಹರಕೆಯಾಗಿ ಹೊತ್ತ ಒಬ್ಬ ಗೃಹಸ್ಥ ಅದರ ಖರ್ಚನ್ನೆಲ್ಲ ಕೊಟ್ಟಿರುತ್ತಾನೆ. ಆ ಸರದಿಗಾಗಿ ವರ್ಷಗಟ್ಟಲೆ ಕಾದಿರುತ್ತಾನೆ. ಅದೇ ಕರಾವಳಿಯಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ಡೇರೆ ಕಟ್ಟಿ ಟಿಕೆಟ್ಟು ಮಾರಿ ಆಡಿಕೊಂಡು ಬಂದಿವೆ. ಎರಡು ಕಡೆಯೂ ಭಾಗವತರಿಗೆ ಸಂಬಳ ಸಲ್ಲಬೇಕು. ಕೊಡುವ ಕೈ ಯಾವುದು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆಯಲ್ಲಿ ಈ ಎರಡೂ ಒಂದೇ ಬಯಲಿನಲ್ಲಿ ಕಾಣುತ್ತವೆ. ತೇರು ನೋಡುವುದಕ್ಕೆ ಟಿಕೆಟ್ಟಿಲ್ಲ. ತೇರು ನೋಡಿದವರು ಹೊರಳಿದರೆ ಸಾಲಾಗಿ ನಾಟಕ ಕಂಪನಿಗಳ ಡೇರೆಗಳು. ವಾರಗಟ್ಟಲೆ ಅಲ್ಲಿ ಮೊಕ್ಕಾಂ ಹೂಡಿ, ರಾತ್ರಿಯಿಡೀ ಆಟ ಕೊಟ್ಟು, ಬಂದ ದುಡ್ಡಿನಲ್ಲಿ ಕಂಪನಿಗಳು ವರ್ಷದ ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ದೇವಿಯ ದರ್ಶನ ಪುಕ್ಕಟೆ, ನಾಟಕಕ್ಕೆ ದುಡ್ಡು ಎಂದು ಜಾತ್ರೆಗೆ ಬಂದ ರೈತ ಜಗಳ ತೆಗೆದದ್ದನ್ನು ನಾನು ಕೇಳಿಲ್ಲ. ನಮ್ಮ ಬಡಾವಣೆಯವರು ಮಾತ್ರ ತೆಗೆಯುತ್ತಾರೆ. ನವರಂಗ್ ಚಿತ್ರಮಂದಿರದ ಮುಂದೆ ಟಿಕೆಟ್ಟಿಗೆ ಬಿಸಿಲಿನಲ್ಲಿ ಸಾಲು ನಿಂತವರೇ ನಮ್ಮ ಸಭೆಯ ಗೇಟಿನ ಹತ್ತಿರ ಬಂದು, "ಏನ್ರೀ ಮೇಷ್ಟ್ರೇ, ನಮ್ಮ ಹತ್ತಿರಾನೂ ಟಿಕೆಟ್ಟು ಕೇಳ್ತೀರಾ?" ಎಂದು ನಕ್ಕದ್ದುಂಟು.

ಬೆಂಗಳೂರಿನವರಿಗೆ ಈ ವಿಷಯದಲ್ಲಿ ಪಾಠಶಾಲೆ ಯಾವುದೆಂದರೆ, ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನ. ಅಲ್ಲಿಯ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವದ ಹೆಸರು ಕೇಳದವರು ನಿಮ್ಮಲ್ಲಿ ಇರಲಾರರು. ಅದು ಮೊದಲಾದದ್ದು 1939ರಲ್ಲಿ. ಮೊದಲು ಮಾಡಿದವರು ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು, ಆಗಿನ್ನೂ ಎಳೆಯ ವಯಸ್ಸಿನವರು. ಕೈಯಲ್ಲಿ ಸಂಸ್ಥಾನವಿಲ್ಲ, ಗಿರಣಿಯಿಲ್ಲ. ಬೀದಿಯ ಉತ್ಸವವಾಗಿ ಹುಟ್ಟಿದ್ದು ತಿಂಗಳಿಗೂ ಮಿಕ್ಕಿ ನಡೆಯುವ ಉತ್ಸವವಾಯಿತು. ಎಂ. ಎಸ್. ಸುಬ್ಬುಲಕ್ಷ್ಮಿಯವರು, ಚೆಂಬೈಯವರು, ನಮ್ಮ ಚೌಡಯ್ಯನವರು, ಲಾಲ್ಗುಡಿಯವರು, ಭೀಮಸೇನ ಜೋಶಿಯವರು, ಹೀಗೆ ದಕ್ಷಿಣಾದಿ ಉತ್ತರಾದಿ ಎರಡರ ದೊಡ್ಡವರೂ ಆ ಚಪ್ಪರದ ಕೆಳಗೆ ಹಾಡಿದರು, ನುಡಿಸಿದರು. ರಾಯರ ಕಾಲಾನಂತರ ಅವರ ಮನೆಯವರೇ ಅದನ್ನು ನಡೆಸಿಕೊಂಡು ಬಂದಿದ್ದಾರೆ. 2024ರಲ್ಲಿ ನಡೆದದ್ದು ಎಂಬತ್ತಾರನೆಯದು.

ನಮ್ಮ ತಂದೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಮೊದಲ ಕೆಲವು ವರ್ಷ ನಾವು ಒಳಗೆ ಹೋದವರಲ್ಲ. ಹೊರಗೆ ರಸ್ತೆಯ ಅಂಚಿನಲ್ಲಿ ಟವಲು ಹಾಸಿ ಕುಳಿತು ಕೇಳಿದೆವು. ಅಲ್ಲಿ ಹಾಗೆ ಕುಳಿತವರು ನಾವಿಬ್ಬರೇ ಅಲ್ಲ. ಕಡಲೆಕಾಯಿಯವನ ಗಾಡಿ, ಸೌತೆಕಾಯಿಯ ಬುಟ್ಟಿ, ಮಲಗಿದ ಮಕ್ಕಳು, ತೊಡೆಯ ಮೇಲೆ ತಾಳ ಹಾಕುವ ಮುದುಕರು, ಅದೇ ಒಂದು ಎರಡನೆಯ ಸಭೆ. ಯಾರೂ ನಮ್ಮನ್ನು ಎಬ್ಬಿಸಲಿಲ್ಲ. ಆಮೇಲೆ ಒಂದು ವರ್ಷ ನಮ್ಮ ತಂದೆಗೆ ಬಡ್ತಿಯಾಯಿತು. ಆ ವರ್ಷ ಅವರು ಅತ್ಯಂತ ಅಗ್ಗದ ಟಿಕೆಟ್ಟು ಎರಡು ತಂದರು. ಒಳಗೆ ಹೋಗುವಾಗ ಅವರು ಪಂಚೆಯ ಚುಂಗನ್ನು ಸರಿಮಾಡಿಕೊಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿಂದ ಮುಂದೆ ಅವರು ಬದುಕಿರುವವರೆಗೆ ಒಂದು ವರ್ಷವೂ ಟಿಕೆಟ್ಟು ತಪ್ಪಿಸಲಿಲ್ಲ. ರಸ್ತೆಯ ಅಂಚಿನಲ್ಲಿ ಪುಕ್ಕಟೆಯಾಗಿ ಕುಳಿತವನೇ ನಾಳೆ ಟಿಕೆಟ್ಟು ಕೊಳ್ಳುವವನು. ಸುತ್ತ ತಗಡು ಹೊಡೆದು ದನಿಯನ್ನೂ ಹೊರಗೆ ಬಿಡದ ಹಾಗೆ ಮಾಡುವ ವ್ಯವಸ್ಥಾಪಕರು ಇದನ್ನು ಯೋಚಿಸುವುದಿಲ್ಲ.

ಆ ಉತ್ಸವ ಬೆಳೆದದ್ದು ದೊಡ್ಡ ಹೆಸರುಗಳಿಂದ ಎನ್ನುತ್ತಾರೆ. ಅದು ನಿಜವೇ; ಆದರೆ ದೊಡ್ಡ ಹೆಸರುಗಳನ್ನು ಕರೆಸಿ ಎರಡೇ ವರ್ಷದಲ್ಲಿ ಮುಚ್ಚಿದ ಸಭೆಗಳನ್ನೂ ನಾನು ಕಂಡಿದ್ದೇನೆ. ನನ್ನ ಕಣ್ಣಿಗೆ ಕಂಡ ಕಾರಣ ಬೇರೆ. ಅದೇ ಮೈದಾನ, ಅದೇ ಋತು. ಯುಗಾದಿ ಬಂತೆಂದರೆ ಚಪ್ಪರ ಏಳುತ್ತದೆ ಎಂದು ಊರಿಗೇ ಗೊತ್ತು. ಜನ ಪಂಚಾಂಗ ನೋಡಿ ಮದುವೆ ಗೊತ್ತುಮಾಡಿದ ಹಾಗೆ ಅದನ್ನು ನೋಡಿಕೊಂಡು ರಜ ಹಾಕುತ್ತಿದ್ದರು. ಇನ್ನೊಂದು, ಇಡೀ ಉತ್ಸವಕ್ಕೆ ಒಂದೇ ಚೀಟಿ, ಸೀಸನ್ ಟಿಕೆಟ್ಟು. ಇದರ ಗುಟ್ಟನ್ನು ನಾನು ಖಜಾಂಚಿಯಾದ ಮೇಲೆ ತಿಳಿದೆ. ಬಿಡಿ ಟಿಕೆಟ್ಟು ಮಾರಾಟವಾಗುವುದು ಅಂದಿನ ಸಂಜೆ, ಮಳೆ ಬಂದರೆ ಇಲ್ಲ. ಸೀಸನ್ ಟಿಕೆಟ್ಟಿನ ದುಡ್ಡು ಚಪ್ಪರದ ಮೊದಲ ಕಂಬ ನೆಡುವ ಮುಂಚೆಯೇ ಕೈಗೆ ಬರುತ್ತದೆ. ವಿದ್ವಾಂಸರಿಗೆ ಮುಂಗಡ, ಶಾಮಿಯಾನದವನಿಗೆ ಮುಂಗಡ, ಮೈಕಿನವನಿಗೆ ಮುಂಗಡ, ಇವೆಲ್ಲ ಸಾಲವಿಲ್ಲದೆ ಆಗುತ್ತವೆ. ಮತ್ತೂ ಒಂದುಂಟು. ಸೀಸನ್ ಟಿಕೆಟ್ಟು ಕೊಂಡವನು, ಕೊಂಡೆನಲ್ಲ ಎಂದು, ಹೆಸರು ಕೇಳದ ಹುಡುಗಿಯ ಕಛೇರಿಗೂ ಬಂದು ಕೂರುತ್ತಾನೆ. ಅವಳು ಹತ್ತು ವರ್ಷದ ಮೇಲೆ ದೊಡ್ಡ ಹೆಸರಾಗುತ್ತಾಳೆ.

ಈಗ ನಮ್ಮ ಕಥೆಗೆ ಬರುತ್ತೇನೆ. ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕೆಯ ಉಪನಗರವಾಗಿ ಹುಟ್ಟಿದ ಬಡಾವಣೆ. ಮೂರು ಪಾಳಿಯಲ್ಲಿ ಕೆಲಸಕ್ಕೆ ಹೋಗುವವರು, ಸಣ್ಣ ಕಾರ್ಖಾನೆ ಇಟ್ಟವರು, ನನ್ನಂಥ ಮೇಷ್ಟರುಗಳು. ನಮ್ಮ ಸಭೆ ಬಹಳ ವರ್ಷ ಚಂದಾ ಎತ್ತಿ ಉಚಿತವಾಗಿ ಸಂಗೀತ ಇಡಿಸಿತು. ಚಂದಾ ಕೊಡುವವರು ವರ್ಷ ವರ್ಷಕ್ಕೆ ಮುದುಕರಾದರು. ಅವರ ಮನೆಗಳು ಮೂರಂತಸ್ತಿನ ಕಟ್ಟಡಗಳಾಗಿ ಬಾಡಿಗೆಯವರು ಬಂದರು. ಗಂಟೆ ಒತ್ತಿದರೆ ಬಾಗಿಲು ತೆರೆಯುವವರೇ ಇಲ್ಲ. 2017ರಲ್ಲಿ ಕಮಿಟಿಯವರು ಧೈರ್ಯಮಾಡಿ, ಒಂದೇ ಸಂಜೆ, ಒಬ್ಬ ಹೆಸರಾಂತ ಗಾಯಕರನ್ನು ಕರೆಸಿ ಟಿಕೆಟ್ಟು ಇಡೋಣವೆಂದು ತೀರ್ಮಾನಿಸಿದೆವು. ಮುನ್ನೂರು ಕುರ್ಚಿ, ಟಿಕೆಟ್ಟು 200 ರೂಪಾಯಿ. ಮುನ್ನೂರು ಇನ್ನೂರಲೆ ಅರವತ್ತು ಸಾವಿರ. ಖರ್ಚು 72,000. ಉಳಿದದ್ದಕ್ಕೆ ಚಂದಾ ಇದೆಯಲ್ಲ! ಲೆಕ್ಕದ ಮೇಷ್ಟರ ಲೆಕ್ಕ. ಕಾಗದದ ಮೇಲೆ ತಪ್ಪೇ ಇರಲಿಲ್ಲ.

ಮಾರಾಟವಾದದ್ದು 94 ಟಿಕೆಟ್ಟು.

ಏಕೆಂದು ಕೇಳುತ್ತೀರಾ? ಮೊದಲನೆಯದಾಗಿ ನಾವೇ ಪಾಸು ಹಂಚಿದ್ದೆವು. ಅಧ್ಯಕ್ಷರಿಗೆ ಇಪ್ಪತ್ತು, ಕಾರ್ಯದರ್ಶಿಗೆ ಇಪ್ಪತ್ತು, ಶಾಮಿಯಾನದವನಿಗೆ, ಮುದ್ರಣದವನಿಗೆ, ವಾರ್ಡಿನ ಮುಖಂಡರಿಗೆ, ಎದುರುಮನೆಯವರು ಬೇಜಾರು ಮಾಡಿಕೊಂಡಾರೆಂದು ಎದುರುಮನೆಗೆ. ಒಟ್ಟು ನೂರರವತ್ತು ಪಾಸು ಹೋಗಿತ್ತು. ಪಾಸು ಸಿಗುವ ಊರಿನಲ್ಲಿ ಟಿಕೆಟ್ಟು ಕೊಳ್ಳುವವನು ತನ್ನನ್ನು ತಾನೇ ದಡ್ಡನೆಂದುಕೊಳ್ಳುತ್ತಾನೆ. ಅದಕ್ಕಿಂತ ಕೆಟ್ಟದ್ದೆಂದರೆ, ಪಾಸು ಪಡೆದವರಲ್ಲಿ ಬಂದವರು ನಲವತ್ತು ಜನ ಇದ್ದಾರು. ದುಡ್ಡು ಕೊಟ್ಟವನು ಮಳೆಯಲ್ಲೂ ಬರುತ್ತಾನೆ. ಪಾಸಿನವನಿಗೆ ಮನೆಯಲ್ಲಿ ಟಿವಿ ಇರುತ್ತದೆ. ಮುಂದಿನ ಎರಡು ಸಾಲು, ಗಣ್ಯರ ಸಾಲು, ಪೂರ್ತಿ ಖಾಲಿ. ಗಾಯಕರು ಆ ಖಾಲಿ ಕುರ್ಚಿಗಳನ್ನು ನೋಡಿಕೊಂಡೇ ಹಾಡಬೇಕಾಯಿತು. ಹಾಡಿದರು, ಚೆನ್ನಾಗಿಯೇ ಹಾಡಿದರು.

ಟಿಕೆಟ್ಟಿನಿಂದ 18,800, ಚಂದಾ 31,000. ಒಟ್ಟು 49,800. ಇಪ್ಪತ್ತೆರಡು ಸಾವಿರದ ಇನ್ನೂರು ಕಡಿಮೆ. ಕಮಿಟಿಯವರು ಮೂವರು ತಲಾ ಐದು ಸಾವಿರ ಹಾಕಿದೆವು. ಇನ್ನೂ 7,200 ಬೇಕು. ಗಾಯಕರಿಗೆ ಮೊದಲೇ ಪೂರ್ತಿ ಕೊಟ್ಟಾಗಿತ್ತು. ಶಾಮಿಯಾನದವನೂ ಮೈಕಿನವನೂ ದುಡ್ಡು ಎಣಿಸಿಕೊಳ್ಳದೆ ಅಲ್ಲಿಂದ ಕದಲುವವರಲ್ಲ. ಕೊನೆಗೆ ಉಳಿದವರು ಯಾರು? ಬಾಯಿ ಬಿಟ್ಟು ಕೇಳದವರು. ಮೃದಂಗದ ವಿದ್ವಾಂಸರಿಗೆ ಎಂಟು ಸಾವಿರ ಎಂದು ಮಾತಾಗಿತ್ತು. ನಾನು ಕವರಿನಲ್ಲಿ ಮೂರು ಸಾವಿರ ಇಟ್ಟೆ. ಘಟದವರಿಗೆ 2,200 ಕಡಿಮೆ ಮಾಡಿದೆ. ತಾಂಬೂಲದ ತಟ್ಟೆಯಲ್ಲಿ ಹಣ್ಣಿನ ಕೆಳಗೆ ಕವರು. ಮೃದಂಗದವರು ತಟ್ಟೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಕವರನ್ನು ತೆರೆದು ನೋಡಲಿಲ್ಲ. ಅವರ ಮನೆ ಕೆಂಗೇರಿಯಲ್ಲಿ. ರಾತ್ರಿ ಹತ್ತೂವರೆ ಆಗಿತ್ತು, ಬಸ್ಸಿಲ್ಲ. ಮೃದಂಗ ತಬ್ಬಿಕೊಂಡು ಆಟೋ ಹತ್ತಿದರು. ಆ ಆಟೋದ ಬಾಡಿಗೆ ನಮ್ಮ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಮನೆಗೆ ಬಂದು ಮಲಗಿದರೆ ನಿದ್ರೆ ಬರಲಿಲ್ಲ. ನಮ್ಮ ಮನೆಯವರು, "ಏನೂಂದ್ರೆ, ಹೋಗಿ ಕೊಟ್ಟು ಬಂದುಬಿಡಿ" ಎಂದರು. ಎರಡು ತಿಂಗಳಿನ ಪಿಂಚಣಿಯಲ್ಲಿ ಉಳಿಸಿ, ಕೆಂಗೇರಿಗೆ ಹೋಗಿ ಕೊಟ್ಟು ಬಂದೆ, ಘಟದವರಿಗೂ ಕೊಟ್ಟೆ. ವಿದ್ವಾಂಸರು ಒಳಗೆ ಒಬ್ಬ ಹುಡುಗನಿಗೆ ಪಾಠ ಹೇಳುತ್ತಿದ್ದರು. ದುಡ್ಡನ್ನು ನೋಡಿ ಅವರು ಆಡಿದ್ದು ಒಂದೇ ಮಾತು: "ಮೇಷ್ಟ್ರೇ, ಅಷ್ಟು ಜನ ಪಾಸಿನವರು ಬಂದಿದ್ದಿದ್ದರೂ ನನಗೆ ಸಮಾಧಾನವಾಗ್ತಿತ್ತು. ಖಾಲಿ ಕುರ್ಚಿಗೆ ತನಿ ನುಡಿಸೋದು ಕಷ್ಟ."

ಆ ವರ್ಷವೇ ನಾವು ಪಾಸನ್ನು ನಿಲ್ಲಿಸಿದೆವು. ಅಧ್ಯಕ್ಷರೂ ಟಿಕೆಟ್ಟು ಕೊಳ್ಳಬೇಕು, ಖಜಾಂಚಿಯ ಹೆಂಡತಿಯೂ ಕೊಳ್ಳಬೇಕು. ಇಬ್ಬರು ಕಮಿಟಿ ಬಿಟ್ಟುಹೋದರು. ಹೋಗಲಿ. ವಿದ್ಯಾರ್ಥಿಗಳಿಗೆ ಹತ್ತು ರೂಪಾಯಿ ಎಂದಿಟ್ಟೆವು, ಉಚಿತವೆಂದು ಇಡಲಿಲ್ಲ. ಹತ್ತು ರೂಪಾಯಿ ಕೊಟ್ಟು ಚೀಟಿ ಜೇಬಿನಲ್ಲಿಟ್ಟುಕೊಂಡ ಹುಡುಗ ಆ ಸಂಜೆ ಬರುತ್ತಾನೆ, ತನ್ನ ಜೊತೆಗೆ ಅಪ್ಪನನ್ನೋ ಅಮ್ಮನನ್ನೋ ಎಳೆದು ತರುತ್ತಾನೆ; ಅವರು ದೊಡ್ಡ ಟಿಕೆಟ್ಟು ಕೊಳ್ಳುತ್ತಾರೆ. ಒಂದು ಸಂಜೆಯನ್ನು ನಾಲ್ಕು ಸಂಜೆ ಮಾಡಿದೆವು. ಖರ್ಚು ಹೆಚ್ಚುವುದಿಲ್ಲವೇ ಎಂದರೆ, ನಾಲ್ಕು ಪಟ್ಟು ಹೆಚ್ಚುವುದಿಲ್ಲ. ಚಪ್ಪರ ಕಟ್ಟುವ ಬಿಚ್ಚುವ ಕೂಲಿ ಒಂದೇ ಸಲ. ಯುಗಾದಿಯ ಮರುದಿನದಿಂದ ಎಂದು ದಿನ ಗೊತ್ತುಮಾಡಿದೆವು. ಚಾಮರಾಜಪೇಟೆಯ ಉತ್ಸವದ ಎದುರಿಗೆ ಇದು ಹುಚ್ಚಲ್ಲವೇ ಎಂದು ಕೆಲವರು ಕೇಳಿದರು. ಆದರೆ ಊರಿಗೆ ಊರೇ ಸಂಗೀತದ ಗುಂಗಿನಲ್ಲಿರುವ ಕಾಲ ಅದು. ಮದರಾಸಿನಿಂದ ಬಂದ ವಿದ್ವಾಂಸರು ನಾಲ್ಕಾರು ಸಭೆಯಲ್ಲಿ ಹಾಡಿಕೊಂಡು ಹೋಗುವುದರಿಂದ ರೈಲಿನ ಖರ್ಚೂ ವಸತಿಯ ಖರ್ಚೂ ಹಂಚಿಕೊಂಡು ಹೋಗುತ್ತವೆ. ದೊಡ್ಡ ಅಂಗಡಿಯ ಪಕ್ಕದಲ್ಲೇ ಚಿಕ್ಕ ಅಂಗಡಿ ಇಡುವುದು ಚಿಕ್ಕಪೇಟೆಯ ವ್ಯಾಪಾರಿಗೆ ಗೊತ್ತಿರುವ ವಿದ್ಯೆ.

ಬೆಲೆಯ ವಿಷಯ. ಕುರ್ಚಿಗೆ ದಿನಕ್ಕೆ 100, ನಾಲ್ಕು ದಿನಕ್ಕೆ 300. ವೇದಿಕೆಗೆ ತೀರ ಹತ್ತಿರ ಜಮಖಾನ ಹಾಸಿ, ನೆಲದ ಮೇಲೆ ಕೂರುವವರಿಗೆ ದಿನಕ್ಕೆ 30, ನಾಲ್ಕು ದಿನಕ್ಕೆ 100. ಅಗ್ಗದವರನ್ನು ಹಿಂದೆ ಕೂರಿಸುವುದು ಲೋಕರೂಢಿ. ನಾವು ಮುಂದೆ ಕೂರಿಸಿದೆವು. ಪುಣೆಯ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿಬಂದ ಒಬ್ಬ ಗೆಳೆಯರು, ಅಲ್ಲಿ ನೆಲದ ಬೈಠಕ್ಕಿನಲ್ಲಿ ಕೂತವರೇ ಸಭೆಯ ಜೀವ ಎಂದು ಹೇಳಿದ್ದರು. ಹಾಡುವವರ ಕಣ್ಣಿಗೆ ಮೊದಲು ಕಾಣುವುದು ತಾಳ ಹಾಕುವ ಕೈಗಳಾಗಲಿ. ಸರ್ಕಾರದ ಜಿಎಸ್‌ಟಿಯ ವಿಷಯದಲ್ಲೂ ಒಂದು ಮಾತು: ಸಂಗೀತ ಕಛೇರಿ, ನಾಟಕ, ನೃತ್ಯ ಇಂಥವುಗಳ ಪ್ರವೇಶ ಶುಲ್ಕ ತಲೆಗೆ 500 ರೂಪಾಯಿ ಮೀರದಿದ್ದರೆ ಆ ತೆರಿಗೆ ಬೀಳುವುದಿಲ್ಲ. ಮೊದಲು 250 ಇದ್ದ ಮಿತಿಯನ್ನು 2018ರ ಆರಂಭದಲ್ಲಿ ಏರಿಸಿದರು. ಬಡಾವಣೆಯ ಸಭೆಗಳಿಗೆ ಅದಕ್ಕಿಂತ ಹೆಚ್ಚಿನ ಟಿಕೆಟ್ಟು ಬೇಕಾಗಲಾರದು.

ನನಗೆ ಎಲ್ಲಕ್ಕಿಂತ ತಡವಾಗಿ ಹೊಳೆದದ್ದು ಗಡಿಯಾರದ ವಿಷಯ. ನಮ್ಮ ಪಶ್ಚಿಮದ ಬಡಾವಣೆಯವರು ಸಂಗೀತಕ್ಕೆ ಬರುವುದಿಲ್ಲ ಎನ್ನುತ್ತಾರಲ್ಲ, ಬರುತ್ತಾರೆ; ಆದರೆ ಮುಖ್ಯ ರಾಗ ಮುಗಿದು ತನಿ ಆವರ್ತನ ಶುರುವಾಗುತ್ತಿದ್ದ ಹಾಗೆ ಎದ್ದು ಹೋಗುತ್ತಾರೆ. ಇದನ್ನು ನಾನು ಬಹಳ ಕಾಲ ರಸಿಕತೆಯ ಕೊರತೆ ಎಂದುಕೊಂಡಿದ್ದೆ. ಒಂದು ದಿನ ಗೇಟಿನ ಹತ್ತಿರ ನಿಂತು ಎದ್ದುಹೋಗುವವರನ್ನು ಕೇಳಿದೆ. ಹತ್ತರಲ್ಲಿ ಎಂಟು ಜನ ಹೇಳಿದ್ದು, "ಕಡೆಯ ಬಸ್ಸು, ಸಾರ್." ಬಸವೇಶ್ವರನಗರದವರು, ಮಾಗಡಿ ರಸ್ತೆಯವರು, ಕೆಂಗೇರಿಯವರು. ಮರುವರ್ಷದಿಂದ ಕಛೇರಿಯನ್ನು ಆರು ಗಂಟೆಗೆ ಸರಿಯಾಗಿ ಆರಂಭಿಸಿ ಒಂಬತ್ತಕ್ಕೆ ಮಂಗಳ ಹಾಡಿಸಿದೆವು. ಅಧ್ಯಕ್ಷರ ಭಾಷಣ, ಹಾರ ತುರಾಯಿ, ಗಣ್ಯರ ಪರಿಚಯ ಎಲ್ಲವೂ ನಿಂತವು. ಆ ಒಂದು ಬದಲಾವಣೆಗೆ ಬಂದಷ್ಟು ಜನ ಯಾವ ಜಾಹೀರಾತಿಗೂ ಬರಲಿಲ್ಲ. ಈಗ ಮೆಟ್ರೋ ರೈಲು ಬಂದು ಅನುಕೂಲವಾಗಿದೆ. ರಾಜಾಜಿನಗರಕ್ಕೆ 2014ರಲ್ಲಿ ಬಂತು. 2017ರ ಜೂನಿನಿಂದ ಅದೇ ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿ ಇಳಿದರೆ ಕೋಟೆ ಪ್ರೌಢಶಾಲೆಗೆ ನಡೆದೇ ಹೋಗಬಹುದು. ಕೆಂಗೇರಿಗೆ 2021ರ ಆಗಸ್ಟಿನಲ್ಲಿ ನೇರಳೆ ಮಾರ್ಗ ಮುಟ್ಟಿತು. ಟಿಕೆಟ್ಟಿನ ಹಿಂದೆ ಕಡೆಯ ರೈಲಿನ ಹೊತ್ತನ್ನು ಅಚ್ಚುಹಾಕಿಸಿ ಎಂದು ನಾನು ಎಲ್ಲ ಸಭೆಯವರಿಗೂ ಹೇಳುತ್ತೇನೆ. ಅದು ಗಾಯಕರ ಬಿರುದಾವಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮನೆಮನೆಗೆ ಹೋಗಿ ಮಾರಿದ್ದು ಹೆಂಗಸರು. ನಮ್ಮ ಮನೆಯವರೂ ಅವರ ಭಜನೆಯ ಮಂಡಳಿಯವರೂ. ನಾವು ಗಂಡಸರು ಗಂಟೆ ಒತ್ತಿದರೆ ತೆರೆಯದ ಬಾಗಿಲು ಅವರಿಗೆ ತೆರೆಯಿತು. ಸಂಕ್ರಾಂತಿಗೆ ಎಳ್ಳು ಬೀರುವುದಕ್ಕೆ ಹೋದಾಗಲೇ ಸೀಸನ್ ಟಿಕೆಟ್ಟಿನ ಪುಸ್ತಕವೂ ಚೀಲದಲ್ಲಿರುತ್ತಿತ್ತು! ಯುಗಾದಿ ಬರುವ ಹೊತ್ತಿಗೆ ಕುರ್ಚಿಯ 120 ಸೀಸನ್ ಟಿಕೆಟ್ಟು ಹೋಗಿ 36,000 ರೂಪಾಯಿ ಪೆಟ್ಟಿಗೆಯಲ್ಲಿತ್ತು. ಬಾಡಿಗೆಗೆ ಬಂದ ಹೊಸಬರು, ಹುಬ್ಬಳ್ಳಿಯವರು, ಆಂಧ್ರದವರು, ನಮ್ಮ ಊಹೆಗೂ ಮೀರಿ ಕೊಂಡರು. ಬಡಾವಣೆಯಲ್ಲಿ ತಮ್ಮನ್ನು ಯಾರಾದರೂ ಕರೆಯಲಿ ಎಂದು ಅವರು ಕಾಯುತ್ತಿದ್ದರೆಂದು ಕಾಣುತ್ತದೆ. ಕೊನೆಯ ಸಂಜೆ ಮಂಗಳಕ್ಕೆ ಮುಂಚೆ ನಾನು ಎದ್ದು ಜಮಾಖರ್ಚನ್ನು ಓದುತ್ತಿದ್ದೆ. ಎರಡು ನಿಮಿಷ, ಹೆಚ್ಚಿಲ್ಲ. ಮೃದಂಗಕ್ಕೆ ಎಷ್ಟು, ಪಿಟೀಲಿಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಎಂದು. ಶಾಮಿಯಾನಕ್ಕೆ ಮೃದಂಗಕ್ಕಿಂತ ಹೆಚ್ಚು ಹೋಗಿದೆ ಎಂದು ಕೇಳಿದ ಸಭಿಕರೊಬ್ಬರು ಮರುವರ್ಷ ತಮ್ಮ ಶಾಲೆಯ ಸಭಾಂಗಣವನ್ನೇ ಕೊಡಿಸಿದರು.

ರೇಡಿಯೋದಲ್ಲಿ ಸಂಗೀತ ಪುಕ್ಕಟೆ ಸಿಗುವಾಗ ಟಿಕೆಟ್ಟು ಯಾರು ಕೊಳ್ಳುತ್ತಾರೆ ಎಂದು ಹಳೆಯ ಕಾಲದಿಂದಲೂ ಒಂದು ಆಕ್ಷೇಪವುಂಟು. ಬೆಂಗಳೂರು ನಿಲಯ 1955ರ ನವೆಂಬರಿನಲ್ಲಿ ಆರಂಭವಾಯಿತು. ಅದಕ್ಕೆ ಒಂದು ವರ್ಷ ಮೊದಲೇ, 1954ರಲ್ಲಿ, ಆಕಾಶವಾಣಿಯ ಸಂಗೀತ ಸಮ್ಮೇಳನಗಳು ಮೊದಲಾಗಿದ್ದವು. ನಾನಂತೂ ತೋಡಿಗೂ ಶುಭಪಂತುವರಾಳಿಗೂ ವ್ಯತ್ಯಾಸ ತಿಳಿದದ್ದು ಅಡಿಗೆಮನೆಯ ಗೂಡಿನಲ್ಲಿದ್ದ ರೇಡಿಯೋದಿಂದ. ಹಾಗೆ ತಿಳಿದ ಮೇಲೆ, ಹಾಡುವವರ ಮುಖ ನೋಡಬೇಕೆಂದು ಟಿಕೆಟ್ಟು ಕೊಂಡೆ. ಈಗ ಕೈಯಲ್ಲಿರುವ ಫೋನಿನ ವಿಷಯದಲ್ಲೂ ಇದೇ ನಡೆಯುತ್ತದೆಂದು ನನ್ನ ನಂಬಿಕೆ.

ಪಶ್ಚಿಮ ಬೆಂಗಳೂರಿನವರು ಉತ್ಸವಕ್ಕೆ ದುಡ್ಡು ಬಿಚ್ಚುವುದಿಲ್ಲ ಎನ್ನುವವರಿಗೆ ನಾನು ನಮ್ಮ ರಾಜಾಜಿನಗರದ ಓರಾಯನ್ ಮಾಲ್ ಕಡೆಗೆ ಬೆರಳು ತೋರಿಸುತ್ತೇನೆ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ 2006ರಲ್ಲಿ ಮೊದಲಾಗಿ ಹಲವು ವರ್ಷ ಅಲ್ಲಿಯೇ ನಡೆಯಿತು. 2025ರಲ್ಲಿ ಮಾರ್ಚಿ 1ರಿಂದ 8ರವರೆಗೆ ಹದಿನಾರನೆಯದು. ಸಾಮಾನ್ಯರಿಗೆ ಪಾಸು 800 ರೂಪಾಯಿ, ವಿದ್ಯಾರ್ಥಿಗಳಿಗೂ ಹಿರಿಯ ನಾಗರಿಕರಿಗೂ 400. ಎಂದೂ ಹೆಸರು ಕೇಳದ ದೇಶದ, ಅರ್ಥವಾಗದ ಭಾಷೆಯ ಚಿತ್ರಕ್ಕೆ ಹುಡುಗರು ಬೆಳಿಗ್ಗೆಯೇ ಸಾಲು ನಿಂತದ್ದನ್ನು ನೋಡಿದೆ. ಹಿರಿಯ ನಾಗರಿಕನ ಚೀಟಿ ಕತ್ತಿಗೆ ಹಾಕಿಕೊಂಡು ನಾನೂ ನಿಂತೆ. ಒಂದು ಚಿತ್ರಕ್ಕೆ ಸೀಟು ಸಿಗದೆ ವಾಪಸಾದೆ. ಪಾಸು ಇದ್ದರೂ ಮೊದಲು ಬಂದವರಿಗೆ ಮೊದಲು. ಮರುದಿನ ಅರ್ಧ ಗಂಟೆ ಮುಂಚೆ ಹೋದೆ. ಸೀಟು ಸಿಗದೇ ಹೋಗಬಹುದೆಂಬ ಭಯವೂ ಉತ್ಸವಕ್ಕೆ ಒಳ್ಳೆಯದೇ. ಹೆಚ್ಚಾದರೆ ಮಾತ್ರ ಬೇಸರ.

ಬೆಳೆಯುವುದಕ್ಕೂ ಒಂದು ಮಿತಿಯುಂಟೇ ಎಂದು ಹುಡುಗ ಕೇಳಿದ. ನಾನು ಅವನಿಗೆ ಕುಂದಗೋಳದ ವಿಷಯ ಹೇಳಿದೆ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಮರುವರ್ಷ ಶಿಷ್ಯ ಭೀಮಸೇನರು ಪುಣೆಯಲ್ಲಿ ಅವರ ಹೆಸರಿನ ಉತ್ಸವ ಆರಂಭಿಸಿದರು. ಅದು ಸಾವಿರಾರು ಜನ ಸೇರುವ ಉತ್ಸವವಾಯಿತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ಬಂದ ಮೇಲೆ ಅಹೋರಾತ್ರಿಯ ಹಾಡಿಕೆಯನ್ನು ಬಿಟ್ಟು ಹೊತ್ತನ್ನು ಮಾರ್ಪಡಿಸಿಕೊಳ್ಳಬೇಕಾಯಿತು. ಅದೇ ಗುರುವಿನ ಹೆಸರಿನಲ್ಲಿ, ಅವರು ಭೀಮಸೇನರಿಗೆ ಪಾಠ ಹೇಳಿದ ಕುಂದಗೋಳದಲ್ಲಿ, ಸಂಗೀತೋತ್ಸವ ಚಿಕ್ಕದಾಗಿಯೇ ನಡೆದುಕೊಂಡು ಬಂದಿದೆ. ಯಾವುದು ಹೆಚ್ಚು ಎನ್ನುತ್ತೀರಿ? ಹಾಡಿದವರು ಎರಡಕ್ಕೂ ಹೋಗಿ ಹಾಡಿದ್ದಾರೆ. ನಮ್ಮ ಸಭೆಯೂ ಒಮ್ಮೆ ಬೆಳೆಯುವ ಆಸೆಗೆ ಬಿದ್ದು, ಸಿನಿಮಾ ಹಾಡಿನ ಒಂದು ಸಂಜೆ ಇಡಿಸಿತು. ಟಿಕೆಟ್ಟು ಎರಡೇ ದಿನದಲ್ಲಿ ಮುಗಿದವು. ಗೇಟು ಮುರಿಯುವಷ್ಟು ಜನ. ಮರುದಿನದ ವೀಣೆಗೆ ಅವರಲ್ಲಿ ಒಬ್ಬರೂ ಬರಲಿಲ್ಲ. ಅಂದಿನಿಂದ ನಾನು ಲೆಕ್ಕ ಹಾಕುವ ಕ್ರಮವನ್ನು ಬದಲಾಯಿಸಿದೆ. ಈ ವರ್ಷ ಎಷ್ಟು ಟಿಕೆಟ್ಟು ಹೋಯಿತು ಎಂದು ನೋಡುವುದರ ಜೊತೆಗೆ, ಹೋದ ವರ್ಷ ಕೊಂಡವರಲ್ಲಿ ಎಷ್ಟು ಮಂದಿ ಮತ್ತೆ ಕೊಂಡರು ಎಂದು ಬೇರೆ ಪುಸ್ತಕದಲ್ಲಿ ಬರೆದಿಟ್ಟೆ.

ಆ ಪುಸ್ತಕ ಕೈಯಲ್ಲಿದ್ದದ್ದು 2020ರಲ್ಲಿ ಉಪಯೋಗಕ್ಕೆ ಬಂತು. ಆ ವರ್ಷದ ಯುಗಾದಿ ಮಾರ್ಚಿ 25ನೆಯ ತಾರೀಖು, ದೇಶಕ್ಕೆಲ್ಲ ಬೀಗ ಬಿದ್ದ ದಿನವೇ. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಜನ ಸೇರುವ ಹಾಗಿರಲಿಲ್ಲ. ನಮ್ಮ ಸಭಾಂಗಣದ ಬೀಗವನ್ನೂ ತೆಗೆಯಲಿಲ್ಲ. ಸೀಸನ್ ಟಿಕೆಟ್ಟಿನ ದುಡ್ಡು ಮಾತ್ರ ಪೆಟ್ಟಿಗೆಯಲ್ಲಿತ್ತು. ನಾನು ಪುಸ್ತಕ ತೆರೆದು ಒಬ್ಬೊಬ್ಬರಿಗೂ ಫೋನು ಮಾಡಿ, ವಾಪಸು ಬೇಕೇ ಎಂದು ಕೇಳಿದೆ. ಕೆಲವರು ಬೇಕೆಂದರು, ಅವರ ದುಡ್ಡು, ಅವರ ಹಕ್ಕು, ಕೊಟ್ಟೆ. ಹೆಚ್ಚಿನವರು, "ಪಕ್ಕವಾದ್ಯದವರಿಗೆ ಕಳಿಸಿ ಮೇಷ್ಟ್ರೇ, ಅವರಿಗೆ ಕಛೇರಿಯೇ ಇಲ್ಲವಲ್ಲ" ಎಂದರು. ಅವರಲ್ಲಿ ಯಾರಿಗೂ ನಾನು 2017ರ ಕವರಿನ ಕಥೆ ಹೇಳಿರಲಿಲ್ಲ. ಕೆಂಗೇರಿಯ ವಿದ್ವಾಂಸರಿಗೆ ಕಳಿಸಿದಾಗ ಅವರು ಫೋನು ಮಾಡಿ, ಎಷ್ಟು ಜನರ ಟಿಕೆಟ್ಟು ಇದು ಎಂದು ಕೇಳಿದರು. ಹೇಳಿದೆ. ಬೀಗ ತೆಗೆದ ಮೇಲೆ ಅವರಿಗೆಲ್ಲ ಒಂದು ತನಿ ಬಾಕಿ ಎಂದರು. ಬಂದು ತೀರಿಸಿದರು ಕೂಡ, ಒಂಬತ್ತು ಗಂಟೆಗೆ ಮುಂಚೆಯೇ.

ವಿಜಯನಗರದ ಹುಡುಗ ಇದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡ. ಅವರ ಕಮಿಟಿಯಲ್ಲಿ ಪಾಸು ಕೇಳುವವರು ಹದಿನಾಲ್ಕು ಮಂದಿ ಇದ್ದಾರಂತೆ. ಮುಂದಿನ ಭಾನುವಾರ ಮತ್ತೆ ಬರುತ್ತಾನೆ. ಬರುವಾಗ ಆ ಹದಿನಾಲ್ಕು ಹೆಸರನ್ನೂ, ಹೋದ ವರ್ಷ ಮೃದಂಗಕ್ಕೆ ಎಷ್ಟು ಕೊಟ್ಟಿರೆಂಬ ಚೀಟಿಯನ್ನೂ ತಾ ಎಂದಿದ್ದೇನೆ.